ಅಪ್ಪನಿಗೆ ಮರೆವು, ತಮ್ಮನಿಗೆ ಗಾರ್ಡಿಯನ್ ಪತ್ರ: ಎಲ್ಲಿಂದ ಶುರು ಮಾಡುವುದು?

ಪ್ರಶ್ನೆ: ನಮ್ಮ ತಂದೆಗೆ 69 ವರ್ಷ. ರೈಲ್ವೆಯಿಂದ ನಿವೃತ್ತರು. ಮೂರು ತಿಂಗಳ ಹಿಂದೆ ವೈದ್ಯರು ಆಲ್ಝೈಮರ್ಸ್ ಕಾಯಿಲೆ, ಇನ್ನೂ ಶುರುವಿನ ಹಂತ ಎಂದರು. ಅಮ್ಮ ತೀರಿಕೊಂಡು ನಾಲ್ಕು ವರ್ಷ. ತಮ್ಮನಿಗೆ 26. ಹುಟ್ಟಿನಿಂದಲೇ ಬೌದ್ಧಿಕ ಅಂಗವೈಕಲ್ಯ, ಮಾತು ತುಂಬ ಕಡಿಮೆ. ಬೇಡ ಅನ್ನಿಸಿದರೆ ಬಾಯಿಬಿಟ್ಟು ಹೇಳುವುದಿಲ್ಲ, ಹೆಬ್ಬೆರಳನ್ನು ಮುಷ್ಟಿಯೊಳಗೆ ಮುಚ್ಚಿಕೊಳ್ಳುತ್ತಾನೆ. ಅವನ ಹೆಸರಲ್ಲಿ ಖಾತೆ ತೆರೆಯಲು ಹೋದರೆ ಬ್ಯಾಂಕಿನಲ್ಲಿ ಗಾರ್ಡಿಯನ್ ಪತ್ರ ಕೇಳಿದರು. ಚಿಕ್ಕಪ್ಪ ಹೇಳುವುದೇ ಬೇರೆ. ಅಪ್ಪನಿಗೆ ಪೂರ್ತಿ ಮರೆವು ಬರುವ ಮೊದಲು ಅವರು ದುಡಿದು ಕಟ್ಟಿದ ಮನೆಯನ್ನು ನನ್ನ ಹೆಸರಿಗೆ ದಾನಪತ್ರ ಮಾಡಿಸಿಕೊಳ್ಳಬೇಕಂತೆ, ಜೊತೆಗೆ ಒಂದು ಜಿಪಿಎ ಬರೆಸಿಕೊಂಡರೆ ಎಲ್ಲ ಮುಗಿಯಿತಂತೆ. ಇದು ಸರಿಯೇ?

ಉತ್ತರ: ಚಿಕ್ಕಪ್ಪನವರ ಮಾತಿಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ದಾನಪತ್ರ ಬೇಡ. ಜಿಪಿಎ ಮಾಡಿಸಬಹುದು, ಆದರೆ ಅದರಿಂದ ಎಲ್ಲ ಮುಗಿಯುವುದಿಲ್ಲ. ನಿಮಗೆ ಅದು ತೀರಾ ಬೇಕಾಗುವ ಹೊತ್ತಿಗೇ ಅದು ಕೈಕೊಡುತ್ತದೆ.

ಯಾಕೆ ಅಂತ ಹೇಳುತ್ತೇನೆ. ಜಿಪಿಎ ಎಂದರೆ ಒಬ್ಬರು ತಮ್ಮ ಪರವಾಗಿ ಕೆಲಸ ಮಾಡಲು ಇನ್ನೊಬ್ಬರಿಗೆ ಕೊಡುವ ಅಧಿಕಾರ. ಕೊಟ್ಟವರಿಗೆ ಬುದ್ಧಿ ಸ್ವಾಧೀನ ಇರುವವರೆಗೆ ಮಾತ್ರ ಅದಕ್ಕೆ ಜೀವ. 1872ರ ಭಾರತೀಯ ಕರಾರು ಕಾಯ್ದೆಯ 201ನೇ ಕಲಂ ಇದನ್ನು ಸ್ಪಷ್ಟವಾಗಿ ಹೇಳುತ್ತದೆ: ಅಧಿಕಾರ ಕೊಟ್ಟವರು ತೀರಿಕೊಂಡರೆ ಅಥವಾ ಅವರ ಬುದ್ಧಿ ಸ್ವಾಧೀನ ತಪ್ಪಿದರೆ ಆ ಅಧಿಕಾರ ಅಲ್ಲಿಗೇ ಮುಗಿಯುತ್ತದೆ. ಇಂಗ್ಲೆಂಡಿನಲ್ಲಿ 2005ರ ಕಾಯ್ದೆಯ ಪ್ರಕಾರ, ಬುದ್ಧಿ ಕ್ಷೀಣಿಸಿದ ಮೇಲೂ ನಡೆಯುವಂಥ ಅಧಿಕಾರಪತ್ರ ಮಾಡಿಸಬಹುದು. ನಮ್ಮಲ್ಲಿ ಅಂಥ ಕಾನೂನು ಇಲ್ಲ. ಇಲ್ಲಿನ ಎಷ್ಟೋ ಮನೆಗಳಲ್ಲಿ ಹಳೆಯ ಜಿಪಿಎ ಹಿಡಿದು ವರ್ಷಗಟ್ಟಲೆ ವ್ಯವಹಾರ ನಡೆಸುತ್ತಾರೆ, ಯಾರೂ ಕೇಳುವುದಿಲ್ಲ ನಿಜ. ಆದರೆ ಒಂದು ದಿನ ಯಾರೋ ಒಬ್ಬ ಸಂಬಂಧಿಕರು ಆಸ್ಪತ್ರೆಯ ಹಳೆಯ ಚೀಟಿಯೊಂದನ್ನು ತಂದು ಕೋರ್ಟಿನ ಮುಂದೆ ಇಟ್ಟರೆ, ಆ ತಾರೀಖಿನ ನಂತರ ನೀವು ಮಾಡಿದ ಒಂದೊಂದು ಸಹಿಯೂ ಪ್ರಶ್ನೆಯಾಗುತ್ತದೆ. ಹಾಗಾಗಿ ಜಿಪಿಎಯನ್ನು ಸೇತುವೆಯ ಹಾಗೆ ಬಳಸಿ. ಮುಂದಿನ ಒಂದೆರಡು ವರ್ಷದ ಓಡಾಟಕ್ಕೆ, ಯಾವ ಯಾವ ಕೆಲಸಕ್ಕೆ ಎಂದು ಹೆಸರಿಸಿ ಮಾಡಿಸಿ. ಮನೆ ಮಾರುವ ಅಧಿಕಾರವನ್ನು ಅದರಲ್ಲಿ ಸೇರಿಸಬೇಡಿ.

ದಾನಪತ್ರದ ವಿಷಯ ಇನ್ನೂ ಗಂಭೀರ. ದಾನಪತ್ರ ನೋಂದಣಿ ಆದ ಕ್ಷಣದಿಂದ ಮನೆ ತಂದೆಯವರದ್ದಲ್ಲ. ನಿಮ್ಮ ಮನಸ್ಸು ಒಳ್ಳೆಯದೇ ಇರಬಹುದು. ಆದರೆ ನಾಳೆ ನಿಮಗೇ ಏನಾದರೂ ಆದರೆ, ನಿಮಗೊಂದು ಸಾಲದ ತೊಂದರೆ ಬಂದರೆ, ಅವರು ಮತ್ತು ನಿಮ್ಮ ತಮ್ಮ ಎಲ್ಲಿಗೆ ಹೋಗಬೇಕು? ಹಿರಿಯ ನಾಗರಿಕರ 2007ರ ಕಾಯ್ದೆಯ 23ನೇ ಕಲಂ ಪ್ರಕಾರ, ನೋಡಿಕೊಳ್ಳಬೇಕು ಎಂಬ ಷರತ್ತಿನ ಮೇಲೆ ಆಸ್ತಿ ಪಡೆದು ಕೈಬಿಟ್ಟವರ ದಾನಪತ್ರವನ್ನು ರದ್ದು ಮಾಡಿಸಬಹುದು. ಆದರೆ ದೂರು ಕೊಡುವಷ್ಟು ನೆನಪು ಉಳಿದಿರಬೇಕಲ್ಲ, ಇಲ್ಲದಿದ್ದರೆ ಅವರ ಪರವಾಗಿ ಯಾವುದಾದರೂ ಸಂಸ್ಥೆ ದೂರು ಕೊಡಬೇಕು! ಇನ್ನೊಂದು ಮಾತನ್ನು ನೇರವಾಗಿಯೇ ಹೇಳುತ್ತೇನೆ, ತಪ್ಪು ತಿಳಿಯಬೇಡಿ. ಹಿಂದೂ ಉತ್ತರಾಧಿಕಾರ ಕಾಯ್ದೆ ನಿಮ್ಮ ಕುಟುಂಬಕ್ಕೆ ಅನ್ವಯಿಸುವುದಾದರೆ, ತಂದೆಯವರು ಏನೂ ಬರೆಯದೆ ಹೋದರೂ ಆ ಮನೆಯಲ್ಲಿ ಅರ್ಧ ನಿಮ್ಮ ತಮ್ಮನದು. ಕಾಯಿಲೆ, ಊನ ಯಾವುದೂ ಹಕ್ಕನ್ನು ಕಿತ್ತುಕೊಳ್ಳುವುದಿಲ್ಲ ಎಂದು ಅದೇ ಕಾಯ್ದೆಯ 28ನೇ ಕಲಂ ಹೇಳುತ್ತದೆ. ದಾನಪತ್ರ ಆದರೆ ಆ ಅರ್ಧ ಹೋಗುತ್ತದೆ, ತಮ್ಮನಿಗೆ ಅದು ಗೊತ್ತೂ ಆಗುವುದಿಲ್ಲ.

ಹಾಗಾದರೆ ಏನು ಮಾಡುವುದು? ನಿಮ್ಮ ಪತ್ರದಲ್ಲಿ ಒಂದು ವಿಷಯ ನನಗೆ ತಟ್ಟಿತು. ಚಿಕ್ಕಪ್ಪ ಹೇಳಿದ್ದಿದೆ, ಬ್ಯಾಂಕಿನವರು ಹೇಳಿದ್ದಿದೆ, ವೈದ್ಯರು ಹೇಳಿದ್ದಿದೆ. ತಂದೆಯವರು ಏನು ಹೇಳಿದರು ಎನ್ನುವುದು ಮಾತ್ರ ಇಲ್ಲ. ಅವರನ್ನು ಕೇಳಿದ್ದೀರಾ?

ಕಾಯಿಲೆಯ ಹೆಸರು ಕಾಗದದ ಮೇಲೆ ಬಂದ ತಕ್ಷಣ ಸಹಿ ಮಾಡುವ ಹಕ್ಕು ಹೋಗುವುದಿಲ್ಲ. ಇದನ್ನು ಜಾಸ್ತಿ ಜನ ತಪ್ಪು ತಿಳಿದಿದ್ದಾರೆ. ಕರಾರು ಕಾಯ್ದೆಯ 12ನೇ ಕಲಂ ಕೇಳುವುದು ಇಷ್ಟೇ: ಸಹಿ ಮಾಡುವ ಆ ಹೊತ್ತಿನಲ್ಲಿ, ತಾನು ಮಾಡುತ್ತಿರುವುದು ಏನು ಎಂದು ಅವರಿಗೆ ಅರ್ಥವಾಗುತ್ತಿದೆಯೇ? ಅದರಿಂದ ತನಗೆ ಏನಾಗುತ್ತದೆ ಎಂದು ತೂಗಿ ನೋಡಬಲ್ಲರೇ? ಸಾಮಾನ್ಯವಾಗಿ ಬುದ್ಧಿ ಸ್ಥಿಮಿತ ಇಲ್ಲದವರು ಕೂಡ ಸ್ಥಿಮಿತ ಇರುವ ಹೊತ್ತಿನಲ್ಲಿ ಕರಾರು ಮಾಡಬಹುದು ಎಂದು ಅದೇ ಕಲಂ ಹೇಳುತ್ತದೆ. ವಿಲ್ ವಿಷಯದಲ್ಲಿ 1925ರ ಉತ್ತರಾಧಿಕಾರ ಕಾಯ್ದೆಯ 59ನೇ ಕಲಂ ಕೂಡ ಇದನ್ನೇ ಹೇಳುತ್ತದೆ. ತೀರ್ಮಾನ ಮಾಡುವ ಶಕ್ತಿ ಎನ್ನುವುದು ಕೆಲಸಕ್ಕೆ ತಕ್ಕಂತೆ, ಹೊತ್ತಿಗೆ ತಕ್ಕಂತೆ ಇರುತ್ತದೆ. ಮ್ಯೂಚುವಲ್ ಫಂಡ್ ಲೆಕ್ಕ ಅರ್ಥವಾಗದವರಿಗೆ ಮನೆ ಯಾರಿಗೆ ಸೇರಬೇಕು ಎನ್ನುವುದು ಚೆನ್ನಾಗಿಯೇ ಗೊತ್ತಿರಬಹುದು.

ಒಮ್ಮೆ ಒಬ್ಬ ಹಿರಿಯರ ವಿಲ್ ಬರೆಸಲು ಅವರ ಮನೆಗೆ ಹೋಗಿದ್ದೆ. ಈಗ ಯಾವ ಇಸವಿ ಎಂದು ವೈದ್ಯರು ಕೇಳಿದರು. ಅವರು ಹತ್ತು ವರ್ಷ ಹಿಂದಿನದನ್ನು ಹೇಳಿದರು. ಮಗನ ಮುಖ ಸಪ್ಪಗಾಯಿತು. ಆಮೇಲೆ ನಾನು ಕೇಳಿದೆ: ಮನೆ ಯಾರಿಗೆ ಕೊಡಬೇಕು ಅಂತಿದ್ದೀರಿ? ಅವರು ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿಕೊಂಡರು. ದೊಡ್ಡವನಿಗೆ ಓದಿಸಿದ್ದೇನೆ, ಅವನಿಗೆ ಅದೇ ಸಾಕು. ಚಿಕ್ಕವಳು ಗಂಡನನ್ನು ಕಳೆದುಕೊಂಡು ಬಂದಿದ್ದಾಳೆ, ಅವಳಿಗೆ ತಲೆಯ ಮೇಲೊಂದು ಸೂರು ಬೇಕು, ಅಂದರು. ಅರ್ಧ ಗಂಟೆ ಬಿಟ್ಟು ಮತ್ತೆ ಕೇಳಿದಾಗ ಅದೇ ಉತ್ತರ, ಅದೇ ಕಾರಣ. ಇಸವಿ ತಪ್ಪಿತ್ತು, ವಿಚಾರ ತಪ್ಪಿರಲಿಲ್ಲ. ವೈದ್ಯರು ಎರಡನ್ನೂ ಹಾಗೇ ಬರೆದುಕೊಟ್ಟರು. ಆ ಕಾಗದವೇ ಮುಂದೆ ಆ ವಿಲ್ ಅನ್ನು ಕಾಪಾಡಿತು.

ನಿಮ್ಮ ತಂದೆಯವರ ಜೊತೆಗೂ ಹೀಗೇ ಕೂತು ಮಾತಾಡಿ. ಈ ಕಾಯಿಲೆಯಲ್ಲಿ ಸಂಜೆಯಾದಂತೆ ಗೊಂದಲ ಹೆಚ್ಚುವುದು ಸಾಮಾನ್ಯ. ಆದ್ದರಿಂದ ಬೆಳಗಿನ ಹೊತ್ತು ನೋಡಿ. ಕನ್ನಡಕ ಹಾಕಿರಲಿ, ಕಿವಿಯ ಯಂತ್ರ ಇದ್ದರೆ ಅದೂ ಇರಲಿ. ಟಿವಿ ಆರಿಸಿ. ಒಂದು ಸಲಕ್ಕೆ ಒಂದೇ ವಿಷಯ ಕೇಳಿ, ಉತ್ತರಕ್ಕೆ ಕಾಯಿರಿ. ನಡುವೆ ಬಾಯಿ ಹಾಕಿ ವಾಕ್ಯ ಮುಗಿಸಿಕೊಡಬೇಡಿ. ಇನ್ನೊಂದು ದಿನ ಅದನ್ನೇ ಕೇಳಿ, ಉತ್ತರ ಅದೇ ಇದೆಯೇ ನೋಡಿ. ಸಾಧ್ಯವಾದರೆ ಒಂದು ಸಲ ನೀವು ಇಲ್ಲದಾಗ ಅವರೂ ವಕೀಲರೂ ಇಬ್ಬರೇ ಮಾತಾಡಲಿ. ನೀವು ವಾರಸುದಾರರೂ ಹೌದಲ್ಲ, ಆದ್ದರಿಂದ ಇದು ನಿಮ್ಮ ಒಳ್ಳೆಯದಕ್ಕೇ.

ಈ ಮಾತುಕತೆಯಿಂದ ಮೊದಲು ಹುಟ್ಟಬೇಕಾದದ್ದು ಒಂದು ವಿಲ್. ಸರಳವಾದ ಕನ್ನಡದಲ್ಲಿ, ಅವರಿಗೆ ಓದಿದರೆ ಅರ್ಥವಾಗುವಂತೆ ಬರೆಸಿ. ಇಬ್ಬರು ಸಾಕ್ಷಿಗಳು ಬೇಕೇ ಬೇಕು. ವಿಲ್‌ನಿಂದ ಏನೂ ಪಡೆಯದವರೇ ಸಾಕ್ಷಿಗಳಾಗಿರಲಿ, ಅವರಲ್ಲಿ ಒಬ್ಬರು ನೋಡುತ್ತಿರುವ ವೈದ್ಯರಾದರೆ ಇನ್ನೂ ಒಳ್ಳೆಯದು. ಅಂದೇ ಬರೆದ ವೈದ್ಯರ ಪ್ರಮಾಣಪತ್ರ ಜೊತೆಗಿರಲಿ. ವಿಲ್ ನೋಂದಣಿ ಕಡ್ಡಾಯವಲ್ಲ, ಆದರೆ ನಿಮ್ಮ ಪರಿಸ್ಥಿತಿಯಲ್ಲಿ ಮಾಡಿಸಿ ಎಂದೇ ಹೇಳುತ್ತೇನೆ. ತೀರಾ ಅಶಕ್ತರಾದವರ ಮನೆಗೆ ಸಬ್ ರಿಜಿಸ್ಟ್ರಾರ್ ಅವರನ್ನೇ ಕರೆಸಿಕೊಳ್ಳಲು ನೋಂದಣಿ ಕಾಯ್ದೆಯಲ್ಲಿ ಅವಕಾಶವಿದೆ.

ಆದರೆ ತಮ್ಮನ ಪಾಲನ್ನು ನೇರವಾಗಿ ಅವನ ಹೆಸರಿಗೆ ಬರೆದರೆ ನಾಳೆ ಅದನ್ನು ನಡೆಸುವವರು ಯಾರು ಎಂಬ ಪ್ರಶ್ನೆ ಏಳುತ್ತದೆ. ನಿಮ್ಮ ಹೆಸರಿಗೇ ಬರೆದು ‘ತಮ್ಮನನ್ನು ನೋಡಿಕೊಳ್ಳತಕ್ಕದ್ದು’ ಎಂದರೆ ಅದು ಬರೀ ಆಸೆಯಾಗಿ ಉಳಿಯುತ್ತದೆ. ಎರಡಕ್ಕೂ ನಡುವಿನ ದಾರಿ ಟ್ರಸ್ಟ್. ದೇವಸ್ಥಾನದ ಟ್ರಸ್ಟ್ ಅಲ್ಲ, 1882ರ ಕಾಯ್ದೆಯ ಖಾಸಗಿ ಟ್ರಸ್ಟ್. ಅದನ್ನು ವಿಲ್‌ನಲ್ಲೇ ಬರೆಯಬಹುದು. ಮನೆಯೂ ಠೇವಣಿಯೂ ಟ್ರಸ್ಟ್‌ಗೆ ಸೇರುತ್ತದೆ, ಟ್ರಸ್ಟಿಗಳು, ಅಂದರೆ ಅದನ್ನು ನೋಡಿಕೊಳ್ಳಲು ವಿಲ್‌ನಲ್ಲಿ ಹೆಸರಿಸಿದವರು, ಅದನ್ನು ತಮ್ಮನಿಗಾಗಿಯೇ ನಡೆಸಬೇಕು. ಟ್ರಸ್ಟಿ ಆಗಿ ನೀವೊಬ್ಬರೇ ಸಾಲದು, ಇನ್ನೊಬ್ಬರು ಜೊತೆಗಿರಲಿ. ನಿಮ್ಮ ನಂತರ ಯಾರು, ತಮ್ಮ ತೀರಿಕೊಂಡ ಮೇಲೆ ಉಳಿದದ್ದು ಯಾರಿಗೆ, ಇದನ್ನೂ ಬರೆಸಿ. ಈ ಒಂದು ದಸ್ತಾವೇಜಿಗೆ ಮಾತ್ರ ಇಂಥ ಕೆಲಸ ಮಾಡಿ ಗೊತ್ತಿರುವ ವಕೀಲರನ್ನೇ ಹುಡುಕಿ. ಕಂಪ್ಯೂಟರ್ ಅಂಗಡಿಯ ನಮೂನೆ ತುಂಬಿಸಿ ಮುಗಿಸುವ ಕೆಲಸ ಇದಲ್ಲ.

ಪಿಂಚಣಿ ಮರೆಯಬೇಡಿ. ತಂದೆಯವರು ಕೇಂದ್ರ ಸರ್ಕಾರದ ಪಿಂಚಣಿದಾರರು. ದುಡಿದು ಬದುಕಲಾರದಂಥ ಅಂಗವೈಕಲ್ಯ ಇರುವ ಮಗನಿಗೆ ಕುಟುಂಬ ಪಿಂಚಣಿ ಬದುಕಿರುವವರೆಗೂ ಸಿಗುತ್ತದೆ. ತಂದೆಯವರು ಇರುವಾಗಲೇ ಅರ್ಜಿ ಕೊಟ್ಟು ಪಿಪಿಒದಲ್ಲಿ (ಪಿಂಚಣಿ ಪಾವತಿ ಆದೇಶದಲ್ಲಿ) ತಮ್ಮನ ಹೆಸರು ಸೇರಿಸಿದರೆ ಮುಂದಿನ ಅಲೆದಾಟ ಎಷ್ಟೋ ಉಳಿಯುತ್ತದೆ. ಅವರ ಕೈ ಇನ್ನೂ ಸಹಿ ಮಾಡುತ್ತಿರುವಾಗ ಮಾಡಬಹುದಾದ ಬಹಳ ಸುಲಭದ ಕೆಲಸ ಇದು, ಬಿಟ್ಟರೆ ಬಹಳ ದುಬಾರಿಯಾಗುವುದೂ ಇದೇ.

ಬ್ಯಾಂಕಿಗೆ ಬರೋಣ. ತಂದೆಯವರ ಖಾತೆಗೆ ನಿಮ್ಮ ಹೆಸರು ಸೇರಿಸಿ ಇಬ್ಬರಲ್ಲಿ ಯಾರಾದರೂ ವ್ಯವಹರಿಸುವಂತೆ ಮಾಡಿಸಿ. ನಾಮಿನಿ ಆಗುವುದು ಬೇರೆ, ಮಾಲೀಕರಾಗುವುದು ಬೇರೆ. ನಾಮಿನಿಗೆ ಅವರು ಬದುಕಿರುವಾಗ ಏನೂ ಅಧಿಕಾರವಿಲ್ಲ, ನಂತರವೂ ವಾರಸುದಾರರ ಪರವಾಗಿ ಹಣ ಪಡೆಯುವವರು ಅಷ್ಟೇ. ದೊಡ್ಡ ಮೊತ್ತವನ್ನು ಠೇವಣಿಯಲ್ಲಿಟ್ಟು, ಒಂದು ಚಿಕ್ಕ ಖಾತೆಯನ್ನು ಅವರಿಗೇ ಬಿಡಿ. ಕಾರ್ಡ್ ಅವರ ಜೇಬಿನಲ್ಲೇ ಇರಲಿ. ಅದರಲ್ಲಿ ತಪ್ಪಾದರೆ ಹೋಗುವುದು ಸ್ವಲ್ಪ ಹಣ, ಆದರೆ ತನ್ನ ಹಣ ತಾನೇ ತೆಗೆದೆ ಎಂಬ ಧೈರ್ಯ ಉಳಿಯುತ್ತದೆ. ಆ ಧೈರ್ಯವನ್ನು ಮುಂಚೆಯೇ ಕಿತ್ತುಕೊಂಡ ಮನೆಗಳಲ್ಲಿ ಜನ ಬೇಗ ಮಂಕಾಗುವುದನ್ನು ನೋಡಿದ್ದೇನೆ. ಒಟಿಪಿ ಕೇಳುವ ಕರೆಗಳ ಭಯ ಇರುವುದರಿಂದ ದೊಡ್ಡ ಖಾತೆಯ ಆನ್‌ಲೈನ್ ವರ್ಗಾವಣೆ ಮಿತಿಯನ್ನು ತಗ್ಗಿಸಿ. ಮುಂದೆ ಕೈ ನಡುಗಿ ಸಹಿ ಕೂಡದಿದ್ದರೆ ಹೆಬ್ಬೆಟ್ಟು ನಡೆಯುತ್ತದೆ. ಇಬ್ಬರು ಸಾಕ್ಷಿಗಳು ಬೇಕು, ಅವರಲ್ಲಿ ಒಬ್ಬರು ಬ್ಯಾಂಕಿನ ಅಧಿಕಾರಿ ಆಗಿರಬೇಕು, ಇದು ರಿಸರ್ವ್ ಬ್ಯಾಂಕ್ ಹೇಳಿರುವುದೇ. 70 ದಾಟಿದವರಿಗೆ ಮನೆ ಬಾಗಿಲಿಗೆ ಸೇವೆ ಕೊಡಬೇಕೆಂದೂ ಅದು 2017ರಲ್ಲಿ ಬ್ಯಾಂಕುಗಳಿಗೆ ಸೂಚಿಸಿದೆ.

ಇನ್ನು ಆರೋಗ್ಯ. ಇದನ್ನು ಮಾತಾಡಲು ನಾಲಿಗೆ ಏಳುವುದಿಲ್ಲ, ಗೊತ್ತು. ಆದರೂ ತಂದೆಯವರನ್ನೇ ಕೇಳಿ: ಮುಂದೆ ಗುಣವಾಗುವ ಆಸೆಯೇ ಇಲ್ಲದ ಸ್ಥಿತಿ ಬಂದರೆ ಯಂತ್ರಗಳ ಮೇಲೆ ಇರಿಸುವುದು ಅವರಿಗೆ ಒಪ್ಪಿಗೆಯೇ? ಸುಪ್ರೀಂ ಕೋರ್ಟ್ 2018ರಲ್ಲಿ ಇಂಥ ಮುಂಚಿತ ಇಚ್ಛಾಪತ್ರಕ್ಕೆ ಮಾನ್ಯತೆ ಕೊಟ್ಟಿತು. ಆಗ ಮ್ಯಾಜಿಸ್ಟ್ರೇಟ್ ಸಹಿ ಬೇಕಿತ್ತು, ಹಾಗಾಗಿ ಯಾರೂ ಅದರ ಗೋಜಿಗೆ ಹೋಗುತ್ತಿರಲಿಲ್ಲ. 2023ರ ಜನವರಿಯಲ್ಲಿ ಅದನ್ನು ಸಡಿಲಿಸಿದರು. ಈಗ ಇಬ್ಬರು ಸಾಕ್ಷಿಗಳು ಮತ್ತು ನೋಟರಿ ಅಥವಾ ಗೆಜೆಟೆಡ್ ಅಧಿಕಾರಿ ಸಾಕು. ತನಗೆ ಹೇಳಲಾಗದಾಗ ಯಾರನ್ನು ಕೇಳಬೇಕು ಎಂದು ಹತ್ತಿರದವರ ಹೆಸರನ್ನೂ ಬರೆಯಬೇಕು, ಒಂದಕ್ಕಿಂತ ಜಾಸ್ತಿ ಹೆಸರು ಬರೆಯಬಹುದು. ಕರ್ನಾಟಕ ಸರ್ಕಾರ ಇದನ್ನು ಜಾರಿಗೆ ತರಲು 2025ರ ಜನವರಿಯಲ್ಲಿ ಸುತ್ತೋಲೆ ಹೊರಡಿಸಿತು. ಇದಲ್ಲದೆ 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ, ಮಾನಸಿಕ ಕಾಯಿಲೆಯ ಚಿಕಿತ್ಸೆಯ ವಿಷಯದಲ್ಲಿ ತನ್ನ ಪರವಾಗಿ ನಿಲ್ಲುವ ಪ್ರತಿನಿಧಿಯನ್ನು ಬಿಳಿ ಹಾಳೆಯ ಮೇಲೆ ಬರೆದು ಸಹಿ ಹಾಕಿಯೋ ಹೆಬ್ಬೆಟ್ಟು ಒತ್ತಿಯೋ ನೇಮಿಸಬಹುದು. ಅದಕ್ಕೆ ಹತ್ತು ನಿಮಿಷವೂ ಬೇಡ.

ಇದನ್ನೆಲ್ಲ ಮಾಡದೆ ಬಿಟ್ಟರೆ ಏನಾಗುತ್ತದೆ? ತಂದೆಯವರಿಗೆ ಏನೂ ತಿಳಿಯದ ಸ್ಥಿತಿ ಬಂದಾಗ ಮನೆಯ ಮೇಲೆ ಹಣ ಎತ್ತಲು, ಠೇವಣಿ ಮುರಿಯಲು ನಿಮಗೆ ಅಧಿಕಾರ ಇರುವುದಿಲ್ಲ. ಹಿಂದಿನ 1987ರ ಕಾಯ್ದೆಯಲ್ಲಿ ಮಾನಸಿಕ ಅಸ್ವಸ್ಥರ ಆಸ್ತಿ ನೋಡಿಕೊಳ್ಳಲು ಜಿಲ್ಲಾ ನ್ಯಾಯಾಲಯ ಒಬ್ಬರನ್ನು ನೇಮಿಸುವ ದಾರಿ ಇತ್ತು. 2017ರ ಕಾಯ್ದೆ ಬಂದಾಗ ಅದು ಹೋಯಿತು. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯ 14ನೇ ಕಲಂನಲ್ಲಿ ಸೀಮಿತ ಗಾರ್ಡಿಯನ್ ನೇಮಕ ಇದೆ, ಆದರೆ ಅದು ಒಂದು ನಿರ್ದಿಷ್ಟ ಕೆಲಸಕ್ಕೆ, ನಿರ್ದಿಷ್ಟ ಕಾಲಕ್ಕೆ. ಹೀಗಾಗಿ ಕುಟುಂಬಗಳು ಕೊನೆಗೆ ಸಂವಿಧಾನದ 226ನೇ ವಿಧಿಯಡಿ ಹೈಕೋರ್ಟ್ ಮೆಟ್ಟಿಲು ಹತ್ತುತ್ತವೆ. ಕೋಮಾದಲ್ಲಿರುವವರ ವಿಷಯದಲ್ಲಿ ಕೇರಳ ಹೈಕೋರ್ಟ್ 2019ರಲ್ಲಿ ಇದಕ್ಕೊಂದು ಕ್ರಮವನ್ನೇ ಹಾಕಿಕೊಟ್ಟಿತು: ಆಸ್ತಿಯ ಪೂರ್ತಿ ಪಟ್ಟಿ, ವೈದ್ಯರ ಮಂಡಳಿಯ ವರದಿ, ಕಂದಾಯ ಅಧಿಕಾರಿಯ ವಿಚಾರಣೆ, ನೇಮಕದ ನಂತರ ಕಾಲಕಾಲಕ್ಕೆ ಲೆಕ್ಕ. ದಾರಿ ಇದೆ, ಆದರೆ ಉದ್ದ. ಆಸ್ಪತ್ರೆ ಬಿಲ್ ಅಷ್ಟು ದಿನ ಕಾಯುವುದಿಲ್ಲ ಅಲ್ವಾ?

ಈಗ ತಮ್ಮ. ಅವನ ದಾರಿ ಬೇರೆ, ತಂದೆಯವರಿಗಿಂತ ಸುಲಭ. 18 ತುಂಬಿದ ದಿನವೇ ಅವನು ಕಾನೂನಿನ ಪ್ರಕಾರ ವಯಸ್ಕ. ಅಂದಿನಿಂದ ತಂದೆಯವರು ಕೂಡ ಅವನ ಗಾರ್ಡಿಯನ್ ಅಲ್ಲ. ಇಷ್ಟು ವರ್ಷ ಯಾರೂ ಕೇಳದೆ ಇದ್ದದ್ದರಿಂದ ಗೊತ್ತಾಗಿಲ್ಲ ಅಷ್ಟೇ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಂಗವೈಕಲ್ಯ ಮತ್ತು ಬಹು ಅಂಗವೈಕಲ್ಯ ಇರುವವರಿಗಾಗಿಯೇ ಇದೆ. ಅದರಡಿ ಪ್ರತಿ ಜಿಲ್ಲೆಗೆ ಒಂದು ಸ್ಥಳೀಯ ಮಟ್ಟದ ಸಮಿತಿ. ಜಿಲ್ಲಾಧಿಕಾರಿ, ನೋಂದಾಯಿತ ಸಂಸ್ಥೆಯೊಂದರ ಪ್ರತಿನಿಧಿ, ಅಂಗವೈಕಲ್ಯವಿರುವ ಒಬ್ಬರು ಅದರಲ್ಲಿರುತ್ತಾರೆ. ಅರ್ಜಿಯನ್ನು ಜಿಲ್ಲಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ. ತಂದೆಯವರು ತಾವೇ ಅರ್ಜಿದಾರರಾಗಿ, ಗಾರ್ಡಿಯನ್ ಆಗಿ ನಿಮ್ಮ ಹೆಸರನ್ನು ಸೂಚಿಸಲಿ. ಕಾಯ್ದೆಯ 14ನೇ ಕಲಂ ಇದಕ್ಕೆ ಅವಕಾಶ ಕೊಡುತ್ತದೆ. ಇದನ್ನು ವಿಲ್‌ನಲ್ಲಿ ಬರೆದಿಟ್ಟರೆ ಸಾಲದು, ವಯಸ್ಕನಿಗೆ ವಿಲ್ ಮೂಲಕ ಗಾರ್ಡಿಯನ್ ನೇಮಕ ಆಗುವುದಿಲ್ಲ. ಸಮಿತಿ ಕೊಡುವ ಪತ್ರವನ್ನು ನಂಬಿ ಖಾತೆ ತೆರೆಯಬಹುದೆಂದು ರಿಸರ್ವ್ ಬ್ಯಾಂಕ್ ಬಹಳ ಹಿಂದೆಯೇ ಬ್ಯಾಂಕುಗಳಿಗೆ ತಿಳಿಸಿದೆ. ಅಲ್ಲಿಗೆ ಹೋದಾಗ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ಆರೋಗ್ಯ ವಿಮೆಯನ್ನೂ ವಿಚಾರಿಸಿ, 1 ಲಕ್ಷ ರೂಪಾಯಿವರೆಗೆ ರಕ್ಷಣೆ ಇದೆ.

ಗಾರ್ಡಿಯನ್ ಆದ ಮೇಲೆ ಲೆಕ್ಕ ಕೊಡಬೇಕು. ನೇಮಕವಾದ ಆರು ತಿಂಗಳೊಳಗೆ ಅವನ ಆಸ್ತಿಯ ಪಟ್ಟಿ, ಪ್ರತಿ ಆರ್ಥಿಕ ವರ್ಷ ಮುಗಿದ ಮೂರು ತಿಂಗಳೊಳಗೆ ಜಮಾ ಖರ್ಚು. ಅವನ ಹಣಕ್ಕೆ ಬೇರೆಯೇ ಪುಸ್ತಕ ಇಡಿ, ನಿಮ್ಮ ಹಣದ ಜೊತೆ ಬೆರೆಸಬೇಡಿ. ಗಾರ್ಡಿಯನ್ ತಪ್ಪಿ ನಡೆದರೆ ತೆಗೆದುಹಾಕಿಸಲೂ ಬಹುದು, 17ನೇ ಕಲಂ. ಇದನ್ನು ಹೆದರಿಸಲು ಹೇಳುತ್ತಿಲ್ಲ. ನಿಮ್ಮ ಮೇಲೂ ಒಂದು ಕಣ್ಣು ಇರುವುದು ಅವನಿಗೆ ಒಳ್ಳೆಯದು.

ಪತ್ರ ಕೈಗೆ ಬಂದಿತು ಎಂದು ಅವನ ಎಲ್ಲ ತೀರ್ಮಾನ ನಿಮ್ಮದಾಗುವುದಿಲ್ಲ. ಭಾರತ 2007ರಲ್ಲಿ ಒಪ್ಪಿಕೊಂಡ ವಿಶ್ವಸಂಸ್ಥೆಯ ಒಡಂಬಡಿಕೆಯ 12ನೇ ವಿಧಿಯೂ, 2016ರ ಕಾಯ್ದೆಯ 13ನೇ ಕಲಮೂ ಹೇಳುವುದು ಒಂದೇ: ಅಂಗವೈಕಲ್ಯ ಇರುವವರಿಗೂ ಕಾನೂನಿನ ಮುಂದೆ ಎಲ್ಲರಷ್ಟೇ ಸ್ಥಾನ ಇದೆ, ಬೇಕಾದದ್ದು ನೆರವು. ಆ ನೆರವು ಹೇಗಿರುತ್ತದೆ ಎನ್ನುವುದಕ್ಕೆ ನಿಮ್ಮ ಪತ್ರದಲ್ಲೇ ಉದಾಹರಣೆ ಇದೆ. ಅವನು ಹೆಬ್ಬೆರಳು ಮುಚ್ಚಿದರೆ ಬೇಡ ಎಂದು ನಿಮಗೆ ಗೊತ್ತು. ಅದು ನಿಮ್ಮ ಮತ್ತು ತಂದೆಯವರ ತಲೆಯಲ್ಲಿ ಮಾತ್ರ ಇದೆ, ಆ ತಲೆಗಳಲ್ಲಿ ಒಂದು ಈಗ ಮರೆಯಲು ಶುರು ಮಾಡಿದೆ. ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಬೇಕು ಅಂದರೆ ಏನು ಮಾಡುತ್ತಾನೆ, ಎಲ್ಲಿ ನೋವಾದರೆ ಎಲ್ಲಿ ಮುಟ್ಟಿಕೊಳ್ಳುತ್ತಾನೆ, ಯಾರ ಜೊತೆ ಇರಲು ಇಷ್ಟ, ಯಾವ ಸದ್ದಿಗೆ ಹೆದರುತ್ತಾನೆ, ಉತ್ತರ ಕೊಡಲು ಎಷ್ಟು ಹೊತ್ತು ಬೇಕು. ತಂದೆಯವರ ಬಾಯಿಂದ ಕೇಳಿ ಬರೆಯಿರಿ, ಅವರಿಗೆ ಗೊತ್ತಿದ್ದು ನಿಮಗೆ ಗೊತ್ತಿಲ್ಲದ್ದು ಖಂಡಿತ ಇರುತ್ತದೆ. ಈ ಪುಸ್ತಕಕ್ಕೆ ಯಾವ ಕಚೇರಿಯ ಮೊಹರೂ ಬೇಡ. ಆದರೆ ನಾಳೆ ಆಸ್ಪತ್ರೆಯ ನರ್ಸಿಗೆ, ಇನ್ನೊಬ್ಬ ಟ್ರಸ್ಟಿಗೆ, ನಿಮ್ಮ ನಂತರ ನೋಡಿಕೊಳ್ಳುವವರಿಗೆ ಜಾಸ್ತಿ ಬೇಕಾಗುವುದು ಇದೇ.

ಸಮಿತಿಯ ಸಭೆಗೆ ಅವನನ್ನು ಕರೆದುಕೊಂಡು ಹೋಗಿ. ಸುಮ್ನೆ ಫೈಲ್ ಕೊಟ್ಟು ಬರಬೇಡಿ. ಅವನಿಗೆ ಗಾರ್ಡಿಯನ್ ಬೇಕೇ, ಯಾವ ಕೆಲಸಕ್ಕೆ ಬೇಕು ಎಂದು ಸಮಿತಿ ನೋಡಲೇಬೇಕು, ಕಾಯ್ದೆಯಲ್ಲೇ ಹಾಗಿದೆ. ಅಲ್ಲಿ ಕೂತ ತಕ್ಷಣ, ಫೈಲ್ ತೆರೆಯುವ ಮೊದಲೇ, ಅವನ ಹೆಬ್ಬೆರಳಿನ ವಿಷಯ ಸದಸ್ಯರಿಗೆ ಹೇಳಿ. ಆಮೇಲೆ ‘ಅಕ್ಕ ನಿನ್ನ ಹಣ ನೋಡಿಕೊಳ್ಳಲಾ?’ ಎಂದು ಅವನನ್ನೇ ಕೇಳಿ ಅವನ ಕೈ ನೋಡಲಿ.